ಬಟ್ಟಲಿನ ತಳದಲ್ಲಿ ಏನಿದೆ? ರಾಮೆನ್, ಬಬಲ್ ಟೀ ಅಂಗಡಿಗೆ ಮೊದಲ ಸಲ ಹೋಗುವವರಿಗೆ

ಆಗಸ್ಟ್ ಬಂತೆಂದರೆ ಅವೇ ಪ್ರಶ್ನೆಗಳು. ತೈವಾನಿಗೋ ಜಪಾನಿಗೋ ಓದಲು ಹೊರಟವರು ವೀಸಾ, ಹಾಸ್ಟೆಲ್ ವಿಚಾರವೆಲ್ಲ ಕೇಳಿ ಮುಗಿಸಿ, ಕೊನೆಗೆ ಸ್ವಲ್ಪ ಸಂಕೋಚದಿಂದ ಕೇಳುತ್ತೀರಿ: "ರಾಮೆನ್‌ನಲ್ಲಿ ವೆಜ್ ಸಿಗುತ್ತಾ?" "ಬಬಲ್ ಟೀ ಅಂಗಡಿಯಲ್ಲಿ ಏನೇನೋ ಕೇಳ್ತಾರಂತಲ್ಲ, ಏನು ಹೇಳಬೇಕು?" ನಾನು ಓದುತ್ತಿರುವುದು ತೈವಾನಿನ ಷಿಂಚೂನಲ್ಲಿ. ನಡುವೆ ಮೂರು ತಿಂಗಳು ಜಪಾನಿನ ಫುಕುವೊಕಾದಲ್ಲಿ ಇದ್ದೆ. ಎರಡೂ ಕಡೆ ತಪ್ಪು ಗುಂಡಿ ಒತ್ತಿ, ತಪ್ಪು ಉತ್ತರ ಕೊಟ್ಟು ಕಲಿತದ್ದನ್ನು ಒಮ್ಮೆ ಕೂತು ಬರೆದುಬಿಡುತ್ತೇನೆ. ರಾಮೆನ್‌ಗೆ (ಸೂಪಿನಲ್ಲಿ ಮುಳುಗಿಸಿದ ನೂಡಲ್ಸ್) ಜಪಾನ್, ಬಬಲ್ ಟೀಗೆ (ಮುತ್ತಿನಂತಹ ಮಣಿ ಹಾಕಿದ ಚಹಾ) ತೈವಾನ್ ಎಂದು ಇಟ್ಟುಕೊಂಡಿದ್ದೇನೆ, ಏಕೆಂದರೆ ಅವುಗಳ ಮನೆ ಅಲ್ಲೇ.

ಹೊರಡುವ ಮೊದಲು ಜೊತೆಗಿರಲಿ: ಸಾವಿರ ಯೆನ್‌ನ ಕೆಲವು ನೋಟು ಮತ್ತು ಚಿಲ್ಲರೆ, ಒಂದು ಕರವಸ್ತ್ರ, ಅಗಲ ಬಾಯಿಯ ನಿಮ್ಮದೇ ಲೋಟ ಅಥವಾ ಬಾಟಲಿ. ಫೋನಿನಲ್ಲಿ ನೀವು ಏನು ತಿನ್ನುವುದಿಲ್ಲ ಎಂಬುದನ್ನು ಅಲ್ಲಿನ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ. ಅಂಗಡಿಯ ಗಡಿಬಿಡಿಯಲ್ಲಿ ಅನುವಾದದ ಆ್ಯಪ್ ತೆರೆಯುತ್ತ ನಿಂತರೆ ಹಿಂದಿನ ಸಾಲು ಬೆಳೆಯುತ್ತದೆ.

ಜಪಾನ್: ರಾಮೆನ್

1. ಮೊದಲು ಬಟ್ಟಲನ್ನು ಓದಲು ಕಲಿಯಿರಿ

ರಾಮೆನ್ ಎಂದರೆ ಐದು ಸಂಗತಿಗಳು ಒಂದರ ಮೇಲೊಂದು ಬಿದ್ದು ಆದದ್ದು. ತಳದಲ್ಲಿ ತಾರೆ, ಅಂದರೆ ಉಪ್ಪು ಮತ್ತು ರುಚಿ ಕೊಡುವ ಗಟ್ಟಿ ರಸ. ಅದರ ಮೇಲೆ ಸೂಪು, ನಮ್ಮ ಹೋಳಿಗೆ ಸಾರಿಗೆ ಬೇಳೆಯ ಕಟ್ಟು ಇದ್ದ ಹಾಗೆ, ಇಲ್ಲಿ ಎಲುಬಿನ ಅಥವಾ ಮೀನಿನ ಕಟ್ಟು. ಆಮೇಲೆ ಪರಿಮಳದ ಎಣ್ಣೆ, ನೂಡಲ್ಸ್, ಕೊನೆಗೆ ಮೇಲೋಗರಗಳು.

ನೂಡಲ್ಸ್ ಹಳದಿಯಾಗಿರುವುದು ಮೊಟ್ಟೆಯಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಹೆಚ್ಚಿನ ಕಡೆ ಅದಕ್ಕೆ ಕಾರಣ ಕಾನ್‌ಸುಯಿ ಎಂಬ ಕ್ಷಾರದ ನೀರು, ನಮ್ಮ ಹಪ್ಪಳದ ಹಿಟ್ಟಿಗೆ ಬೀಳುವ ಹಪ್ಪಳಖಾರದ ಜಾತಿಯದು. ಗೋದಿ ಹಿಟ್ಟಿಗೆ ಆ ಬಣ್ಣ, ಆ ಎಳೆತ ಎರಡೂ ಅದರಿಂದಲೇ ಬರುತ್ತವೆ. ಹಾಗಂತ ಮೊಟ್ಟೆ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಕೆಲವರು ಅದನ್ನೂ ಹಾಕುತ್ತಾರೆ, ಬಿಟ್ಟಿರುವವರು ಕೇಳಿಯೇ ತಿನ್ನಬೇಕು.

ಮೆನುವಿನಲ್ಲಿ ನಾಲ್ಕು ಹೆಸರು ಅಕ್ಕಪಕ್ಕ ಕಾಣುತ್ತವೆ: ಶೋಯು, ಶಿಯೊ, ಮಿಸೊ, ತೊನ್ಕೊತ್ಸು. ಇವು ನಾಲ್ಕೂ ಒಂದೇ ಸಾಲಿನವಲ್ಲ, ಗೊಂದಲ ಶುರುವಾಗುವುದೇ ಇಲ್ಲಿ. ಮೊದಲ ಮೂರು ತಾರೆಯ ಹೆಸರು: ಶೋಯು ಎಂದರೆ ಸೋಯಾ ಸಾಸ್, ಶಿಯೊ ಎಂದರೆ ಉಪ್ಪು, ಮಿಸೊ ಎಂದರೆ ಹುಳಿಬರಿಸಿದ ಸೋಯಾ ಕಾಳಿನ ಮುದ್ದೆ. ತೊನ್ಕೊತ್ಸು ಮಾತ್ರ ಸೂಪಿನ ಹೆಸರು, ಹಂದಿಯ ಎಲುಬನ್ನು ಗಂಟೆಗಟ್ಟಲೆ ಕುದಿಸಿ ತೆಗೆದದ್ದು. ಹಾಲಿನ ಹಾಗೆ ಬೆಳ್ಳಗಿರುತ್ತದೆ. ಅದು ಹಾಲೂ ಅಲ್ಲ, ತೆಂಗಿನ ಹಾಲೂ ಅಲ್ಲ. ಕೊಬ್ಬು ಮತ್ತು ಎಲುಬಿನ ಸತ್ವ ನೀರಿನಲ್ಲಿ ಬೆರೆತ ಬಣ್ಣ. ಫುಕುವೊಕಾದ ಹಕಾತಾ ಭಾಗದ ಹೆಸರುವಾಸಿ ರಾಮೆನ್ ಇದೇ.

ಮೇಲೋಗರಗಳಲ್ಲಿ ಚಾಶು ಎಂದರೆ ಹಂದಿಮಾಂಸದ ಹೋಳು, ಅಜಿತಾಮಾ ಎಂದರೆ ಸೋಯಾ ರಸದಲ್ಲಿ ನೆನೆಸಿದ ಮೊಟ್ಟೆ, ನೋರಿ ಎಂದರೆ ಕಡಲಪಾಚಿಯ ಹಾಳೆ. ಬಿಳಿ ಬಿಲ್ಲೆಯ ಮೇಲೆ ಗುಲಾಬಿ ಸುರುಳಿ ಇದ್ದರೆ ಅದು ನರುತೊ, ಮೀನಿನದು. ಅದನ್ನು ಮೂಲಂಗಿ ಎಂದು ತಿಂದವರನ್ನು ನೋಡಿದ್ದೇನೆ. ಮೆನ್ಮಾ ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ: ಹುಳಿಬರಿಸಿ ಒಣಗಿಸಿದ ಬಿದಿರಿನ ಕಳಲೆ. ಮೊದಲ ತುತ್ತಿಗೇ ಅಜ್ಜಿಮನೆಯ ಮಳೆಗಾಲ ನೆನಪಾಯಿತು.

2. ಸಸ್ಯಾಹಾರಿಗಳು ಅಂಗಡಿಯನ್ನು ಮೊದಲೇ ಆರಿಸಿಕೊಳ್ಳಿ

ಈ ಹಂತದಲ್ಲಿ ಎಡವುವವರೇ ಹೆಚ್ಚು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. "ಮಾಂಸದ ಹೋಳು ತೆಗೆದು ಕೊಡಿ" ಎಂದರೆ ಕೆಲಸ ಮುಗಿಯಲಿಲ್ಲ. ಮಾಂಸ ಇರುವುದು ಸೂಪಿನಲ್ಲಿ. ಯಾಸಾಯಿ ರಾಮೆನ್, ಅಂದರೆ ತರಕಾರಿ ರಾಮೆನ್ ಎಂದು ಬರೆದಿದ್ದರೂ ಅಷ್ಟೆ: ಎಲೆಕೋಸು, ಮೊಳಕೆಕಾಳು ರಾಶಿ ಬಿದ್ದಿರುತ್ತದೆ, ಕೆಳಗೆ ಅದೇ ಎಲುಬಿನ ಕಟ್ಟು. ಮಿಸೊ ತಾನಾಗಿ ಸಸ್ಯದ್ದೇ, ಆದರೆ ಮಿಸೊ ರಾಮೆನ್‌ನ ಸೂಪು ಸಾಮಾನ್ಯವಾಗಿ ಅಲ್ಲ. ತಾರೆಯಲ್ಲಿಯೂ ಕಾತ್ಸುಒಬುಶಿ, ಅಂದರೆ ಒಣಗಿಸಿ ಹೆರೆದ ಮೀನು ಇರಬಹುದು.

"ಬೇಜಿತಾರಿಯನ್" (ವೆಜಿಟೇರಿಯನ್‌ನ ಜಪಾನೀ ಉಚ್ಚಾರ) ಎಂದು ಹೇಳಿ ಸುಮ್ಮನಾಗಬೇಡಿ. ಕೇಳಿದವರಿಗೆ ಅದು "ಮಾಂಸದ ತುಂಡು ಬೇಡ" ಎಂದಷ್ಟೇ ಅರ್ಥವಾಗಬಹುದು, ಮೀನಿನ ಕಟ್ಟು ಅವರ ಲೆಕ್ಕಕ್ಕೇ ಬರದೆ ಹೋಗಬಹುದು. ಪದಾರ್ಥದ ಹೆಸರು ಹಿಡಿದೇ ಕೇಳಿ: "ಬುತಾ ಹಾಯಿತ್ತೆ ಇಮಾಸ್ ಕಾ?" ಹಂದಿ ಇದೆಯೇ ಎಂದು ಅರ್ಥ. ಬುತಾ ಇದ್ದ ಜಾಗದಲ್ಲಿ ಸಾಕಾನಾ (ಮೀನು), ತೊರಿ (ಕೋಳಿ), ತಮಾಗೊ (ಮೊಟ್ಟೆ) ಹಾಕಿಕೊಳ್ಳಿ. ಹಲಾಲ್ ನೋಡುವವರು ಇನ್ನೊಂದು ಗಮನಿಸಬೇಕು. ಕೋಳಿಯ ರಾಮೆನ್ ಆದರೂ ತಾರೆಗೆ ಮಿರಿನ್ ಅಥವಾ ಸಾಕೆ ಎಂಬ ಅಕ್ಕಿಯ ಮದ್ಯ ಬಿದ್ದಿರಬಹುದು. ಹಲಾಲ್ ಫಲಕ ಇರುವ ಅಂಗಡಿಯೇ ನಿಶ್ಚಿಂತೆ.

ಬೀಗನ್ (ವೀಗನ್, ಅಂದರೆ ಹಾಲು-ಮೊಟ್ಟೆಯೂ ಇಲ್ಲದ್ದು) ಎಂದು ಮೆನುವಿನಲ್ಲೇ ಬರೆದಿರುವ ಕಡೆ ಹೋಗುವುದು ಎಲ್ಲಕ್ಕಿಂತ ಸುಲಭ. ಟೋಕಿಯೊ ನಿಲ್ದಾಣದ ಒಳಗಿನ ಟೀಸ್ ತಾನ್‌ತಾನ್ ಪೂರ್ತಿ ಸಸ್ಯಮೂಲದ ಅಂಗಡಿ. ಎಳ್ಳಿನ ಸೂಪಿನ ತಾನ್‌ತಾನ್ ಅಲ್ಲಿನ ವಿಶೇಷ. ಅದು ಟಿಕೆಟ್ ಗೇಟಿನ ಒಳಭಾಗದಲ್ಲಿದೆ, ರೈಲು ಹತ್ತುವ ದಿನವೇ ಹೋಗುವುದು ಜಾಣತನ. ಯೂಜು ಎಂಬ ನಿಂಬೆಜಾತಿಯ ಹಣ್ಣಿನ ಪರಿಮಳಕ್ಕೆ ಹೆಸರಾದ ಅಫುರಿಯಲ್ಲೂ ಬೀಗನ್ ಬಟ್ಟಲು ಇಟ್ಟಿರುತ್ತಾರೆ. ಶಾಖೆಯಿಂದ ಶಾಖೆಗೆ ಮೆನು ಬದಲಾಗುತ್ತದೆ, ಹೋಗುವ ದಿನ ನೋಡಿಕೊಳ್ಳಿ. ಫುಕುವೊಕಾದಲ್ಲಿ ಮಾತ್ರ ಕಷ್ಟ, ಆ ಊರಿನ ಬೀದಿಯೇ ತೊನ್ಕೊತ್ಸು ವಾಸನೆ ಹೊಡೆಯುತ್ತದೆ.

ತೈವಾನಿನಲ್ಲಿ ಈ ವಿಷಯ ಎಷ್ಟೋ ಹಗುರ. ಬೌದ್ಧರ ಸಸ್ಯಾಹಾರದ ರೂಢಿ ಗಟ್ಟಿಯಾಗಿದೆ. "ವೋ ಛ ಸೂ" (ನಾನು ಸಸ್ಯಾಹಾರಿ) ಎಂದರೆ ಬೀದಿಯ ಅಜ್ಜಿಗೂ ಅರ್ಥವಾಗುತ್ತದೆ. ಸಸ್ಯಾಹಾರಿ ಅಂಗಡಿಯ ಫಲಕದಲ್ಲಿ ಸ್ವಸ್ತಿಕ ಇರುವುದುಂಟು. ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರವನ್ನು ಐದು ಬಗೆಯಾಗಿ ಬಿಡಿಸಿ ಬರೆಯಬೇಕೆಂಬ ನಿಯಮವಿದೆ: ಪೂರ್ತಿ ಸಸ್ಯದ್ದು, ಮೊಟ್ಟೆ ಇರುವುದು, ಹಾಲು ಇರುವುದು, ಎರಡೂ ಇರುವುದು, ಈರುಳ್ಳಿ-ಬೆಳ್ಳುಳ್ಳಿ ಜಾತಿಯ ಘಾಟಿನ ಸೊಪ್ಪುಗಡ್ಡೆಗಳು ಇರುವುದು. ಮನೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಇಷ್ಟು ಅನುಕೂಲದ ದೇಶ ಇನ್ನೊಂದು ಸಿಗುವುದು ಕಷ್ಟ. ಆದರೆ ಎಚ್ಚರ: ತೈವಾನಿನಲ್ಲಿ ನೂಡಲ್ಸ್ ಮುಳುಗಿಸಿದ ಕಂದು ಬಣ್ಣದ ಸಾರು ಕಂಡಾಕ್ಷಣ ರಾಮೆನ್ ಎಂದುಕೊಳ್ಳಬೇಡಿ. ನ್ಯೂ ರೌ ಮ್ಯೆನ್ ಎಂಬುದು ದನದ ಮಾಂಸದ ನೂಡಲ್ಸ್, ಅಲ್ಲಿನವರ ಹೆಮ್ಮೆಯ ತಿನಿಸು.

3. ಟಿಕೆಟ್ ಯಂತ್ರದ ಮುಂದೆ

ಬಾಗಿಲ ಬಳಿ ಗುಂಡಿಗಳ ಪೆಟ್ಟಿಗೆಯೊಂದು ಇರುತ್ತದೆ, ಕೆನ್‌ಬೈಕಿ ಎನ್ನುತ್ತಾರೆ. ದರ್ಶಿನಿಯಲ್ಲಿ ಕೌಂಟರಿನಲ್ಲಿ ಟೋಕನ್ ತೆಗೆದುಕೊಂಡ ಹಾಗೆಯೇ, ಮನುಷ್ಯನ ಬದಲು ಯಂತ್ರ. ಹಳೆಯ ಯಂತ್ರಗಳಲ್ಲಿ ಮೊದಲು ದುಡ್ಡು ಹಾಕಬೇಕು, ಆಗಲೇ ಗುಂಡಿಗೆ ದೀಪ ಹತ್ತುತ್ತದೆ. ಯಾವುದು ಒತ್ತುವುದೋ ತಿಳಿಯದಿದ್ದರೆ ಮೇಲಿನ ಎಡಮೂಲೆಯ ಗುಂಡಿ ಒತ್ತಿ. ಅಂಗಡಿಯ ಮುಖ್ಯ ರಾಮೆನ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಉಳಿದ ಚಿಲ್ಲರೆಗೆ ಪಕ್ಕದ ಹಿಡಿಕೆ ತಿರುಗಿಸುವುದನ್ನು ಮರೆಯಬೇಡಿ.

ತೊಡಕು ನೋಟಿನದು. ಬಹಳಷ್ಟು ಯಂತ್ರಗಳು ಸಾವಿರ ಯೆನ್ ನೋಟನ್ನಷ್ಟೇ ನುಂಗುತ್ತವೆ, ಹತ್ತು ಸಾವಿರದ್ದನ್ನು ಉಗುಳಿಬಿಡುತ್ತವೆ. 2024ರ ಜುಲೈ 3ರಂದು ಜಪಾನ್ ಹೊಸ ನೋಟುಗಳನ್ನು ತಂದಿತು. ಹಳೆಯ ಯಂತ್ರ ಬದಲಾಯಿಸದ ಚಿಕ್ಕ ಅಂಗಡಿಗಳಲ್ಲಿ ಹೊಸ ನೋಟು ಹಿಡಿಯದೆ ಇರಬಹುದು. ನಾನು ಐನೂರು ಯೆನ್‌ನ ಎರಡು ನಾಣ್ಯ ಯಾವಾಗಲೂ ಜೇಬಿನಲ್ಲಿ ಇಟ್ಟಿರುತ್ತಿದ್ದೆ. ಬಟ್ಟಲಿಗೆ ಸಾವಿರ ಯೆನ್ ದಾಟಿದರೆ ಗಿರಾಕಿ ಮುಖ ತಿರುಗಿಸುತ್ತಾನೆ ಎಂಬುದು ಅಲ್ಲಿನ ಅಂಗಡಿಯವರ ಹಳೆಯ ಅಳುಕು. ಅದಕ್ಕೊಂದು ಹೆಸರೇ ಇದೆ, "ಸಾವಿರ ಯೆನ್ ಗೋಡೆ". ಈಗೀಗ ಗೋಡೆ ದಾಟಿದ ಬಟ್ಟಲುಗಳೂ ಬಂದಿವೆ.

ಇನ್ನೊಂದು ಮಾತು, ವಿಶೇಷವಾಗಿ ಬೆಂಗಳೂರಿನವರಿಗೆ: ಬೈ-ಟೂ ನಡೆಯುವುದಿಲ್ಲ. ಹತ್ತು ಸೀಟಿನ ಅಂಗಡಿ, ಒಬ್ಬರಿಗೆ ಒಂದು ಬಟ್ಟಲು. ಹಸಿವಿಲ್ಲದ ಸ್ನೇಹಿತನನ್ನು ಜೊತೆಗೆ ಕೂರಿಸಿಕೊಳ್ಳಬೇಡಿ.

4. ಕೂತ ಮೇಲೆ ಬರುವ ಪ್ರಶ್ನೆ

ಟಿಕೆಟನ್ನು ಕಟ್ಟೆಯ ಮೇಲಿಡಿ, ಚೀಲವನ್ನು ಕಾಲಬಳಿಯ ಬುಟ್ಟಿಯಲ್ಲಿಡಿ, ನೀರು ನೀವೇ ಬಗ್ಗಿಸಿಕೊಳ್ಳಿ. ಹಕಾತಾ ಶೈಲಿಯ ಅಂಗಡಿಯಾದರೆ ನೂಡಲ್ಸ್ ಎಷ್ಟು ಗಟ್ಟಿ ಇರಬೇಕು ಎಂದು ಕೇಳುತ್ತಾರೆ. ಫುತ್ಸು ಎಂದರೆ ಸಾಮಾನ್ಯ, ಯಾವಾ ಎಂದರೆ ಮೆತ್ತಗೆ, ಕಾತಾ ಎಂದರೆ ಗಟ್ಟಿ, ಬಾರಿಕಾತಾ ಎಂದರೆ ಬಲು ಗಟ್ಟಿ. ಶಾವಿಗೆ ಬೆಂದು ಮೆತ್ತಗಾಗಲೇಬೇಕು ಎನ್ನುವ ನಾಲಿಗೆ ನಮ್ಮದು, ಆದರೂ ಮೊದಲ ಸಲಕ್ಕೆ ಕಾತಾ ಹೇಳಿ ನೋಡಿ. ಬಿಸಿ ಸೂಪಿನಲ್ಲಿ ಅದು ತಾನಾಗಿ ಮೆತ್ತಗಾಗುತ್ತ ಹೋಗುತ್ತದೆ. ಯಾವಾ ತೆಗೆದುಕೊಂಡರೆ ಅರ್ಧ ಮುಗಿಯುವಷ್ಟರಲ್ಲಿ ಗಂಜಿ.

ಹಕಾತಾದ ನೂಡಲ್ಸ್ ಇಷ್ಟು ಸಣ್ಣಗಿರುವುದಕ್ಕೆ ನಾಗಹಾಮಾ ಮೀನುಮಾರುಕಟ್ಟೆಯ ಕೆಲಸಗಾರರನ್ನು ಕಾರಣ ಹೇಳುತ್ತಾರೆ. ಅವರಿಗೆ ಕಾಯಲು ಪುರುಸೊತ್ತಿಲ್ಲ, ನಿಮಿಷದೊಳಗೆ ಬೇಯಬೇಕು. ಒಮ್ಮೆಗೇ ಜಾಸ್ತಿ ಹಾಕಿದರೆ ಮೆತ್ತಗಾಗುತ್ತದೆಂದು ಕಡಿಮೆ ಹಾಕಿ, ಬೇಕಾದವರಿಗೆ ಮತ್ತೊಂದು ಮುಷ್ಟಿ ಕೊಡುವ ಪದ್ಧತಿ ಬಂತು, ಅದೇ ಕಾಯೆದಾಮಾ. ಬೇಕಿದ್ದರೆ ಎರಡು ಮೂರು ತುತ್ತು ಉಳಿದಿರುವಾಗಲೇ "ಕಾಯೆದಾಮಾ" ಎಂದು ಕೂಗಿ. ಸೂಪನ್ನೆಲ್ಲ ಕುಡಿದುಬಿಟ್ಟು ಕೇಳಿದರೆ ಬರಿ ನೂಡಲ್ಸ್ ತಿನ್ನಬೇಕಾದೀತು, ಏಕೆಂದರೆ ಅವರು ಕೊಡುವುದು ನೂಡಲ್ಸ್ ಮಾತ್ರ.

ಟೋಕಿಯೊದ ಜಿರೋ ಬಗೆಯ ಅಂಗಡಿ ಬೇರೆಯೇ ಲೋಕ. 1968ರಲ್ಲಿ ಶುರುವಾದ ರಾಮೆನ್ ಜಿರೋ ಮಿತಾದಲ್ಲಿ, ಕೇಯೋ ವಿಶ್ವವಿದ್ಯಾಲಯದ ಪಕ್ಕದಲ್ಲಿ, ಹಸಿದ ವಿದ್ಯಾರ್ಥಿಗಳ ಹೊಟ್ಟೆಯ ಅಳತೆಗೆ ಬೆಳೆದದ್ದು. ಬಟ್ಟಲು ಕೈಗೆ ಬರುವ ಮುನ್ನ "ನಿನ್ನಿಕು ಇರೆಮಾಸ್ ಕಾ?" ಎನ್ನುತ್ತಾರೆ. ಬೆಳ್ಳುಳ್ಳಿ ಹಾಕಲೇ ಎಂಬುದು ಅದರ ಅರ್ಥ, ಆದರೆ ಅವರು ಎದುರು ನೋಡುವುದು ಬೆಳ್ಳುಳ್ಳಿ, ತರಕಾರಿ, ಕೊಬ್ಬು, ತಾರೆಯ ಉಪ್ಪು ಎಲ್ಲದರ ಬಗ್ಗೆ ಒಂದೇ ಉಸಿರಿನ ಉತ್ತರ. ಏನೂ ಹೊಳೆಯದಿದ್ದರೆ "ಸೊನೊ ಮಾಮಾ" (ಇದ್ದ ಹಾಗೇ ಇರಲಿ) ಎಂದು ಪಾರಾಗಿ. ಚಿಕ್ಕದು ಎಂದು ಕೊಡುವುದೇ ಗುಡ್ಡದಷ್ಟಿರುತ್ತದೆ, ಬಿಟ್ಟೇಳುವುದು ಅಲ್ಲಿ ಒಳ್ಳೆಯ ನಡತೆಯಲ್ಲ. ಮೊದಲ ರಾಮೆನ್‌ಗೆ ಅಲ್ಲಿಗೆ ಹೋಗಲೇಬೇಡಿ.

5. ತಿನ್ನುವುದು, ಏಳುವುದು

ಸೊರ್ರೆಂದು ಸದ್ದು ಮಾಡಿ ತಿನ್ನಬಹುದು. ಬಾಯಿ ಸುಡುವುದು ಕಡಿಮೆಯಾಗುತ್ತದೆ, ಪರಿಮಳವೂ ಏರುತ್ತದೆ. ಬೆಳ್ಳುಳ್ಳಿ, ಕೆಂಪು ಶುಂಠಿ, ಖಾರದ ಸಾಸಿವೆ ಸೊಪ್ಪು ಕಟ್ಟೆಯ ಮೇಲಿದ್ದರೆ ಮೊದಲು ಎರಡು ಚಮಚ ಬರಿ ಸೂಪು ಕುಡಿದು ಆಮೇಲೆ ಹಾಕಿಕೊಳ್ಳಿ. ಊರಿನ ಉಪ್ಪಿನಕಾಯಿ ಚೀಲದಿಂದ ತೆಗೆಯಬೇಡಿ, ದಯವಿಟ್ಟು.

ಸೂಪು ಖಾಲಿ ಮಾಡಲೇಬೇಕೆಂದಿಲ್ಲ. ಒಂದು ಬಟ್ಟಲು ಪೂರ್ತಿ ಕುಡಿದರೆ ಐದಾರು ಗ್ರಾಂ ಉಪ್ಪು ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಮುಗಿದ ಮೇಲೆ ಹರಟುತ್ತ ಕೂರುವಂತಿಲ್ಲ, ಹೊರಗೆ ಸಾಲು ಕಾಯುತ್ತಿರುತ್ತದೆ. ಟಿಪ್ಸ್ ಬೇಡ. "ಗೊಚಿಸೊಸಾಮಾ" (ಊಟಕ್ಕೆ ಧನ್ಯವಾದ) ಎಂದು ಹೇಳಿ ಎದ್ದುಬನ್ನಿ.

ತೈವಾನ್: ಬಬಲ್ ಟೀ

6. ಕಪ್ಪಿನಲ್ಲಿರುವುದು ಏನು

ಕಪ್ಪು ಮುತ್ತುಗಳನ್ನು ಕಂಡು ಜೆಲಟಿನ್ ಇರಬಹುದೇ ಎಂದು ಎಷ್ಟೋ ಜನ ಕೇಳಿದ್ದೀರಿ. ಅದು ಮರಗೆಣಸಿನ ಹಿಟ್ಟು. ನಮ್ಮ ಸಬ್ಬಕ್ಕಿಯ ಮೂಲವೂ ಅದೇ. ಸಬ್ಬಕ್ಕಿ ಪಾಯಸದ ಮಣಿಯನ್ನು ದೊಡ್ಡದು ಮಾಡಿ, ಕಪ್ಪು ಸಕ್ಕರೆ ಪಾಕದಲ್ಲಿ ಅದ್ದಿದರೆ ಬಬಲ್ ಟೀಯ ಮುತ್ತು. ಚಿಕ್ಕದಕ್ಕೆ ಚನ್‌ಚೂ, ದೊಡ್ಡದಕ್ಕೆ ಬೋಬಾ ಎನ್ನುತ್ತಾರೆ. ಕೆಲವು ಅಂಗಡಿಗಳ ಮೆನುವಿನಲ್ಲಿ ಎರಡೂ ಬೇರೆ ಬೇರೆ.

ಇದನ್ನು ಮೊದಲು ಮಾಡಿದವರು ಯಾರು ಎಂಬುದಕ್ಕೆ ಎರಡು ಅಂಗಡಿಗಳ ಜಗಳವಿದೆ: ಥೈಚೋಂಗಿನ ಛುನ್ ಶ್ವೇ ಥಾಂಗ್ ಮತ್ತು ಥೈನಾನಿನ ಹಾನ್‌ಲಿನ್, ಎರಡೂ 1980ರ ದಶಕದ ಕಥೆ ಹೇಳುತ್ತವೆ. ಹತ್ತು ವರ್ಷ ನಡೆದ ಮೊಕದ್ದಮೆ 2019ರಲ್ಲಿ ಮುಗಿಯಿತು. ಪೇಟೆಂಟ್ ಇಲ್ಲದ ಪಾನೀಯ, ಯಾರು ಬೇಕಾದರೂ ಮಾಡಬಹುದು, ಮೊದಲಿಗರನ್ನು ತೀರ್ಮಾನಿಸುವ ಅಗತ್ಯವಿಲ್ಲ ಎಂದಿತು ನ್ಯಾಯಾಲಯ.

ಹಾಲಿನ ವಿಷಯದಲ್ಲಿ ಒಂದು ಬಲೆ ಇದೆ. ನೈ ಛಾ ಎಂದರೆ ಹಾಲಿನ ಚಹಾ ಎಂದೇ ಅರ್ಥ, ಆದರೆ ಎಷ್ಟೋ ಕಡೆ ಅದಕ್ಕೆ ಬೀಳುವುದು ಹಾಲಿನ ಬದಲು ಬಳಸುವ ಕ್ರೀಮರ್ ಪುಡಿ. ನಿಜವಾದ ಹಾಲು ಬೇಕಿದ್ದರೆ ಷ್ಯೆನ್ ನೈ ಎಂಬ ಪದ ಇರುವುದನ್ನು ಆರಿಸಿ, ಸ್ವಲ್ಪ ದುಬಾರಿ. ಹಾಲನ್ನೇ ಬಿಟ್ಟವರಿಗೆ ಕ್ರೀಮರ್ ಕೂಡ ಸುರಕ್ಷಿತವಲ್ಲ, ಅದರಲ್ಲಿ ಹಾಲಿನ ಪ್ರೋಟೀನ್ ಇರಬಹುದು. ಪುಡಿಂಗ್‌ನಲ್ಲಿ ಮೊಟ್ಟೆಯೋ ಜೆಲಟಿನ್ನೋ ಇರುವ ಸಾಧ್ಯತೆ ಇದೆ. ಮುತ್ತು ಬೇಡವಾದರೆ ಐ ಯೂ ಕೇಳಿ, ಅಂಜೂರದ ಜಾತಿಯ ಹಣ್ಣಿನ ಬೀಜವನ್ನು ನೀರಿನಲ್ಲಿ ಉಜ್ಜಿ ಹೆಪ್ಪುಗಟ್ಟಿಸಿದ್ದು, ತಂಪು.

ಊರಿನ ನೆನಪಾದರೆ ತೋಂಗ್ ಕ್ವಾ ಛಾ ಕುಡಿಯಿರಿ. ಬೂದುಗುಂಬಳವನ್ನು ಸಕ್ಕರೆಯಲ್ಲಿ ಕಾಯಿಸಿದ ಪಾನಕ, ಮೂಗಿಗೆ ಹಿಡಿದರೆ ಕಾಶಿ ಹಲ್ವದ ನೆಂಟ. ಹೆಸರಿನಲ್ಲಿ ಛಾ ಇದೆ, ಚಹಾದ ಎಲೆ ಇಲ್ಲ.

ಹೆಸರಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಧಾರವಾಡದಲ್ಲಿ ಚಹಾ, ಮೈಸೂರಿನಲ್ಲಿ ಟೀ. ತೈವಾನಿನಲ್ಲೂ ಎರಡೂ ಇವೆ: ಮ್ಯಾಂಡರಿನ್ ಮಾತಾಡುವವರು ಛಾ ಎನ್ನುತ್ತಾರೆ, ತೈವಾನೀ ಮಾತಾಡುವ ಹಿರಿಯರು ತೇ ಎನ್ನುತ್ತಾರೆ. ಜಗತ್ತಿನ ಎರಡೂ ಹೆಸರು ಹೊರಟದ್ದು ಚೀನೀ ಭಾಷೆಗಳ ಈ ಎರಡು ಬಾಯಿಗಳಿಂದ.

7. ಸಾಲಿನಲ್ಲಿ ನಿಂತಾಗಲೇ ಉತ್ತರ ಸಿದ್ಧ ಮಾಡಿಕೊಳ್ಳಿ

ಕೌಂಟರಿನ ಹುಡುಗಿ ಒಂದೇ ಸಮ ಕೇಳುತ್ತಾಳೆ: ಯಾವ ಪಾನೀಯ, ಯಾವ ಅಳತೆ, ಸಕ್ಕರೆ ಎಷ್ಟು, ಐಸ್ ಎಷ್ಟು, ಕೈಚೀಲ ಬೇಕಾ. ಇದೇ ಕ್ರಮದಲ್ಲಿ ನೀವೇ ಮೊದಲು ಹೇಳಿಬಿಟ್ಟರೆ ಅವಳು ಕೇಳುವುದೇ ಇಲ್ಲ.

ಅಳತೆ: ಚೋಂಗ್ ಪೇ (ಮಧ್ಯಮ, ಸುಮಾರು 500 ಮಿಲಿ), ತಾ ಪೇ (ದೊಡ್ಡದು, ಸುಮಾರು 700 ಮಿಲಿ). ಫಲಕದಲ್ಲಿ ಆಯತದ ನಡುವೆ ಉದ್ದಗೆರೆ ಎಳೆದ ಅಕ್ಷರ ಮಧ್ಯಮ, ಕೈಚಾಚಿ ನಿಂತ ಮನುಷ್ಯನಂತಹ ಅಕ್ಷರ ದೊಡ್ಡದು.

ಸಕ್ಕರೆಗೆ ಥಾಂಗ್: ಛ್ಯುಯೆನ್ ಥಾಂಗ್ ಪೂರ್ತಿ, ಷಾವ್ ಥಾಂಗ್ ಮುಕ್ಕಾಲರ ಆಸುಪಾಸು, ಪಾನ್ ಥಾಂಗ್ ಅರ್ಧ, ವೇ ಥಾಂಗ್ ಸುಮಾರು ಮೂರನೇ ಒಂದು, ವೂ ಥಾಂಗ್ ಸಕ್ಕರೆಯೇ ಇಲ್ಲ.

ಐಸಿಗೆ ಪಿಂಗ್: ಚಂಗ್‌ಛಾಂಗ್ ಪಿಂಗ್ ಮಾಮೂಲು, ಷಾವ್ ಪಿಂಗ್ ಕಡಿಮೆ, ವೇ ಪಿಂಗ್ ಇನ್ನೂ ಕಡಿಮೆ, ಛ್ಯೂ ಪಿಂಗ್ ಐಸ್ ತೆಗೆದದ್ದು. ಛ್ಯೂ ಪಿಂಗ್ ಎಂದರೆ ಬೆಚ್ಚಗಿರುತ್ತದೆ ಎಂದುಕೊಳ್ಳಬೇಡಿ. ಐಸಿನ ಜೊತೆ ಕುಲುಕಿ ಐಸನ್ನು ಮಾತ್ರ ತೆಗೆದಿರುತ್ತಾರೆ, ತಣ್ಣಗೇ ಇರುತ್ತದೆ. ಗಂಟಲು ಕೆಟ್ಟವರು ಬಿಸಿ ಸಿಗುತ್ತದೆಯೇ ಎಂದು ಕೇಳಿ.

ಉಚ್ಚಾರಕ್ಕೆ ಇಂಗ್ಲಿಷ್ ಕಾಗುಣಿತ ನೋಡಿ ಹೇಳಿದರೆ ಕೆಟ್ಟಿತು. ತ-ಥ, ಪ-ಫ, ಚ-ಛ ವ್ಯತ್ಯಾಸ ಅವರ ಭಾಷೆಯಲ್ಲಿ ಅರ್ಥವನ್ನೇ ಬದಲಿಸುತ್ತದೆ, ಕನ್ನಡದ ಮಹಾಪ್ರಾಣ ಬಲ್ಲ ನಮಗೆ ಅದು ಸಲೀಸು. ಸ್ವರದ ಏರಿಳಿತ ತಪ್ಪಿದರೂ ಅಂಗಡಿಯಲ್ಲಿ ಊಹಿಸಿಕೊಳ್ಳುತ್ತಾರೆ.

8. ಸಕ್ಕರೆಯ ಲೆಕ್ಕ

ಮೊದಲ ಸಲಕ್ಕೆ ಪಾನ್ ಥಾಂಗ್, ವೇ ಪಿಂಗ್. ಇದು ನನ್ನ ಸಲಹೆ. ದೊಡ್ಡ ಕಪ್ಪಿನಲ್ಲಿ ಪೂರ್ತಿ ಸಕ್ಕರೆ ಹಾಕಿಸಿದರೆ 50 ಗ್ರಾಂ ದಾಟುವುದು ಸಾಮಾನ್ಯ. ಮಂಡ್ಯದವರಿಗೂ ಅದು ಹೆಚ್ಚು. ವೂ ಥಾಂಗ್ ಎಂದು ಹೇಳಿ ಗೆದ್ದೆ ಎಂದುಕೊಳ್ಳುವಂತಿಲ್ಲ, ಮುತ್ತುಗಳು ಪಾಕದಲ್ಲಿ ಅದ್ದಿಯೇ ಬರುತ್ತವೆ. ಬೂದುಗುಂಬಳದ ಪಾನಕ, ಕಪ್ಪು ಸಕ್ಕರೆಯ ಹಾಲು ಇವಕ್ಕೆ ಸಿಹಿ ಮೊದಲೇ ಸೇರಿರುವುದರಿಂದ ಕಡಿಮೆ ಮಾಡಿಸಲು ಆಗದೆ ಇರಬಹುದು.

ನಿದ್ರೆಯ ಚಿಂತೆ ಇದ್ದರೆ ಮೆನುವಿನ ಬಣ್ಣದ ಗುರುತು ನೋಡಿ. ಒಂದು ಕಪ್ಪಿನಲ್ಲಿ ಕೆಫೀನ್ 200 ಮಿಲಿಗ್ರಾಂ ಮೀರಿದರೆ ಕೆಂಪು, 100ರ ಒಳಗಿದ್ದರೆ ಹಸಿರು, ನಡುವೆ ಹಳದಿ. ಪರೀಕ್ಷೆಯ ಹಿಂದಿನ ರಾತ್ರಿ ಕೆಂಪು ಕುಡಿದು ಬೆಳಗಿನ ಜಾವದವರೆಗೆ ಚಾವಣಿ ಎಣಿಸಿದ್ದೇನೆ.

9. ಕುಡಿಯುವ ಬಗೆ, ಕುಡಿಯಬಾರದ ಜಾಗ

ಮೊದಲು ಕಪ್ಪನ್ನು ಮಗುಚಿ ನಾಲ್ಕು ಸಲ ಕುಲುಕಿ. ಬಬಲ್ ಎಂಬ ಹೆಸರಿಗೆ ಮೂಲ ಮುತ್ತುಗಳಲ್ಲ, ಹೀಗೆ ಕುಲುಕಿದ ಚಹಾದ ನೊರೆ ಎನ್ನುತ್ತಾರೆ. ಮೇಲಿನ ಹಾಳೆಗೆ ನಳಿಕೆಯ ಚೂಪು ತುದಿಯನ್ನು ನೇರ ಹಿಡಿದು, ಮೇಲಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದೇ ಏಟಿಗೆ ಚುಚ್ಚಿ. ಅಂಜುತ್ತ ಒತ್ತಿದರೆ ಹಾಳೆ ಕುಸಿದು ಅಂಗಿಗೆ ಅಭಿಷೇಕ. ಜೋರಾಗಿ ಎಳೆಯಬೇಡಿ, ಮುತ್ತು ನೇರ ಗಂಟಲಿಗೆ ಹಾರುತ್ತದೆ. ಅಗಿದು ತಿನ್ನಿ. ಚಿಕ್ಕ ಮಕ್ಕಳಿಗೆ ಮುತ್ತು ಬೇಡ.

ಉಳಿಸಿ ಫ್ರಿಜ್ಜಿಗೆ ಇಟ್ಟರೆ ಮುತ್ತು ಗಟ್ಟಿಯಾಗಿ ಸೀಮೆಸುಣ್ಣದ ಹಾಗಾಗುತ್ತದೆ. ಒಳ್ಳೆಯ ಅಂಗಡಿಯವರು ಬೇಯಿಸಿದ ಕೆಲವೇ ಗಂಟೆಗಳಲ್ಲಿ ಉಳಿದದ್ದನ್ನು ಚೆಲ್ಲಿ ಹೊಸದು ಬೇಯಿಸುತ್ತಾರೆ. ರಾತ್ರಿ ತಡವಾಗಿ ಹೋದಾಗ "ಮುತ್ತು ಮುಗಿದಿದೆ" ಎಂದರೆ ಬೇಸರಪಡಬೇಡಿ, ಅದು ಅಂಗಡಿ ಸರಿಯಾಗಿರುವ ಲಕ್ಷಣ.

ದೊಡ್ಡ ಎಚ್ಚರಿಕೆ: ಥೈಪೇ ಮೆಟ್ರೋದ ಗೇಟು ದಾಟಿದ ಮೇಲೆ ಒಂದು ಗುಟುಕೂ ಕುಡಿಯುವಂತಿಲ್ಲ, ನೀರು ಸಹ. ದಂಡ 1,500ರಿಂದ 7,500 ತೈವಾನ್ ಡಾಲರ್. ಹೊಸಬ, ವಿದೇಶಿ ಎಂಬ ನೆಪವನ್ನು ನಂಬಿಕೊಂಡು ಹೋಗಬೇಡಿ.

ಪ್ಲಾಸ್ಟಿಕ್ ಲೋಟವನ್ನು ಥೈಪೇ 2022ರ ಡಿಸೆಂಬರಿನಲ್ಲಿ ನಿಲ್ಲಿಸಿತು, 2024ರ ಹೊತ್ತಿಗೆ ತೈವಾನಿನ ಉಳಿದ ಕಡೆಯೂ ನಿಂತಿತು. ಈಗ ಕೊಡುವುದು ಕಾಗದದ ಲೋಟ. ನಿಮ್ಮದೇ ಲೋಟ ಕೊಟ್ಟರೆ ಕನಿಷ್ಠ 5 ಡಾಲರ್ ಕಡಿತ. ಬಾಯಿ ಅಗಲವಿರಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೇ. ಸಣ್ಣ ಬಾಯಿಯ ಬಾಟಲಿಯಲ್ಲಿ ಮುತ್ತು ಸಿಕ್ಕಿಕೊಂಡು, ತೊಳೆಯುವಾಗ ಕಡ್ಡಿ ಹುಡುಕಬೇಕಾಗುತ್ತದೆ.

10. ಚೀಟಿಯನ್ನು ಎಸೆಯಬೇಡಿ

ಸರ್ಕಾರಿ ಬಿಲ್ ಕೊಡುವ ಅಂಗಡಿಯಾದರೆ ಆ ಚೀಟಿಯ ಮೇಲಿನ ಎಂಟು ಅಂಕಿಗಳೇ ಒಂದು ಲಾಟರಿ. ವ್ಯಾಪಾರಿಗಳು ತೆರಿಗೆ ತಪ್ಪಿಸದಿರಲಿ, ಗಿರಾಕಿಗಳೇ ಬಿಲ್ ಕೇಳಿ ಪಡೆಯಲಿ ಎಂದು ಸರ್ಕಾರ ಮಾಡಿದ ಉಪಾಯ. ಬೆಸ ತಿಂಗಳುಗಳ 25ರಂದು, ಅಂದರೆ ಜನವರಿ, ಮಾರ್ಚ್, ಮೇ ಹೀಗೆ, ಹಿಂದಿನ ಎರಡು ತಿಂಗಳ ಚೀಟಿಗಳಿಗೆ ಡ್ರಾ ನಡೆಯುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೂ ಬಹುಮಾನ ಸಿಗುತ್ತದೆ. ಕೊನೆಯ ಮೂರು ಅಂಕಿ ಗೆದ್ದ ಸಂಖ್ಯೆಯ ಕೊನೆಯ ಮೂರಕ್ಕೆ ಹೊಂದಿದರೆ 200 ಡಾಲರ್, ಮೂರು ಕಪ್ ಮುತ್ತಿನ ಚಹಾದ ದುಡ್ಡು. ನನ್ನ ಮೇಜಿನ ಡಬ್ಬಿಯಲ್ಲಿ ಸದ್ಯ ನಲವತ್ತೊಂದು ಚೀಟಿ ಇವೆ.